ಆರು ಫೂಟಿಗಿಂತ ಕಡಿಮೆ ಇದ್ದರೆ

ಯರಗುಪ್ಪಿಯ ಆಚೆ, ಎರೆಹೊಲಗಳ ನಡುವೆ ಇರುವ ಒಂದು ಸಣ್ಣ ಊರಿನಲ್ಲಿ ಸುಭಾಸ ಹದಿನಾರು ವರ್ಷಗಳಿಂದ ವಾಟರ್‌ಮನ್. ಬೆಳಿಗ್ಗೆ ಐದಕ್ಕೆ ಮೋಟರ್ ಚಾಲೂ ಮಾಡಿ ನೀರಿನ ಟಾಕಿ ತುಂಬಿಸುವುದು, ಆಮೇಲೆ ಸೈಕಲ್ ಮೇಲೆ ಹೋಗಿ ಒಂದೊಂದು ಓಣಿಯ ವಾಲ್ವ್ ತಿರುವಿ ನೀರು ಬಿಡುವುದು, ಒಡೆದ ಪೈಪಿಗೆ ರಬ್ಬರ್ ಸುತ್ತಿ ಕಟ್ಟುವುದು. ಇಷ್ಟೇ ಅವನ ಕೆಲಸ. ವಯಸ್ಸು ನಲವತ್ನಾಲ್ಕು. ಮದುವೆಯಾಗಿಲ್ಲ. ಹಿಂದೆ ಎರಡು ಕಡೆ ಹೆಣ್ಣು ನೋಡಿದ್ದರು. ಮೊದಲನೆಯವರು "ನೌಕರಿ ಪರ್ಮನೆಂಟ್ ಐತೇನು?" ಎಂದು ಕೇಳಿ ಎದ್ದು ಒಳಗೆ ಹೋದರು. ಎರಡನೆಯವರು ಏನೂ ಕೇಳದೆ ಎದ್ದು ಹೋದರು. ಮೂರು ವರ್ಷದ ಹಿಂದೆ ತಾಯಿ ತೀರಿಕೊಂಡ ಮೇಲೆ ಅವನು ಮನೆಯಲ್ಲಿದ್ದ ತನ್ನ ಪಾಲನ್ನು ಅಣ್ಣನಿಗೇ ಬಿಟ್ಟು, ಪಂಪ್‌ಹೌಸಿನ ಪಕ್ಕದ ಒಂದು ಖೋಲಿಗೆ ಬಂದು ಉಳಿದ. ಬೆಳಿಗ್ಗೆ ಮಾಡಿದ ಅನ್ನವನ್ನೇ ಸಂಜೆಗೂ ಇಟ್ಟುಕೊಳ್ಳುತ್ತಿದ್ದ.

ಆದರೂ ಆಗ ಅವನ ಬಾಗಿಲಿಗೆ ಮಂದಿ ಬರುತ್ತಿದ್ದರು. ಹೆಚ್ಚಾಗಿ ಬಯ್ಯಲು. ಅಗಸಿ ಓಣಿ ಊರಿನಲ್ಲಿ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿತ್ತು. ಟಾಕಿಯಲ್ಲಿ ಆರು ಫೂಟು ನೀರಿಲ್ಲದಿದ್ದರೆ ಅಲ್ಲಿಯ ನಳಗಳಿಗೆ ನೀರು ಏರುತ್ತಿರಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಯಾರೂ ನಂಬಲಿಲ್ಲ. "ಗೌಡರ ಓಣಿಗೆ ಅಷ್ಟ ಬಿಡ್ತಿ, ನಮಗ್ಯಾಕ ಬಿಡೂದಿಲ್ಲ?" ಎಂದು ಹೆಂಗಸರು ಕೊಡ ಸಮೇತ ಬಂದು ನಿಲ್ಲುತ್ತಿದ್ದರು. ಫೋನು ಬೆಳಕು ಹರಿಯುವ ಮೊದಲೇ ಶುರುವಾಗುತ್ತಿತ್ತು. ಬೈದು ಬೈದು ದಣಿದವರು ಅಲ್ಲೇ ಕಟ್ಟೆಯ ಮೇಲೆ ಕೂತು ಮಗಳ ಬಾಣಂತನ, ಸೊಸೆಯ ತವರು, ಎಮ್ಮೆಯ ಕಾಲುಬೇನೆ ಎಲ್ಲ ಹೇಳಿ ಹೋಗುತ್ತಿದ್ದರು. ಸುಭಾಸ ತಲೆ ತಗ್ಗಿಸಿ ಕೇಳುತ್ತಿದ್ದ. ಈ ಬಯ್ಗುಳ ಒಂದು ನಿಂತರೆ ಸಾಕಪ್ಪ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ.

ಅವನು ಕಂಪ್ಯೂಟರ್ ಕಲಿಯಲು ಹೋದದ್ದು ತನ್ನ ಇಚ್ಛೆಯಿಂದಲ್ಲ. ಪಂಚಾಯ್ತಿ ಮೆಂಬರ್ ಶಂಕ್ರಪ್ಪ ಒಂದು ದಿನ ಕರೆದು, "ಇನ್ನ ಮ್ಯಾಲ ಮೀಟರ್ ರೀಡಿಂಗ್ ಎಲ್ಲಾ ಕಂಪ್ಯೂಟರ್‌ನ್ಯಾಗ ತುಂಬಬೇಕಂತ. ಕುಂದಗೋಳಕ್ಕ ಹೋಗಿ ಕಲ್ತು ಬಾ," ಅಂದ. ಸುಭಾಸ ನೀರು ಬಿಡುವ ಕೆಲಸ ಮುಗಿಸಿ ಹತ್ತೂವರೆಯ ಬಸ್ಸಿಗೆ ಹೋದ. ಬಸ್‌ಸ್ಟ್ಯಾಂಡ್ ಹತ್ತಿರ, ಹೊಲಿಗೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಒಂದು ಕಂಪ್ಯೂಟರ್ ಕ್ಲಾಸು. ಕಲಿಸುತ್ತಿದ್ದವಳು ತಮನ್ನಾ ಎಂಬ ಇಪ್ಪತ್ತಾರರ ಹುಡುಗಿ, ಕುಂದಗೋಳದವಳೇ.

"ಬೇಸಿಕ್ ಬ್ಯಾಚು ಸಂಜಿ ಆರಕ್ಕ ಐತ್ರಿ ಕಾಕಾ," ಅಂದಳು ಆಕೆ.

"ಸಂಜಿಕ ನೀರು ಬಿಡೂದು ಇರ್ತೈತ್ರಿ. ಹನ್ನೊಂದಕ್ಕ ಏನೂ ಇಲ್ಲೇನ್ರಿ?"

"ಹನ್ನೊಂದಕ್ಕ ಜಾವಾ ಪ್ರೋಗ್ರಾಮಿಂಗ್ ಐತ್ರಿ. ಅದು ಕಾಲೇಜ್ ಹುಡುಗ್ಯಾರಿಗೆ."

"ಕಂಪ್ಯೂಟರ್ ಹೌದಲ್ರಿ ಅದೂ?"

ತಮನ್ನಾ ನಕ್ಕಳು. "ಹೌದ್ರಿ, ಅದೂ ಕಂಪ್ಯೂಟರ್ರ."

ಹೀಗೆ ಹತ್ತು ಜನ ಹುಡುಗಿಯರ ಹಿಂದೆ, ಕಿಟಕಿಯ ಬಾಜು, ಅವನು ಹನ್ನೊಂದನೆಯವನಾಗಿ ಕೂತ. ಹುಡುಗಿಯರು ಮೊದಲ ವಾರ ತಿರುತಿರುಗಿ ನೋಡಿದರು, ಆಮೇಲೆ ಮರೆತರು. ಪಿಯುಸಿ ಫೇಲಾದವನಿಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಆದರೆ ತಮನ್ನಾ ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಳು. ವೇರಿಯಬಲ್ ಅಂದರೆ ಹೆಸರು ಬರೆದ ಡಬ್ಬಿ. ಒಳಗೆ ಏನಿಡುತ್ತೀ ಎಂಬುದನ್ನು ಮೊದಲೇ ಹೇಳಬೇಕು. ಇಂಟ್ ಅಂದರೆ ಪೂರ್ಣ ಸಂಖ್ಯೆ, ಡಬಲ್ ಅಂದರೆ ಪಾಯಿಂಟ್ ಇರುವ ಸಂಖ್ಯೆ, ಬೂಲಿಯನ್ ಅಂದರೆ ಹೌದು ಇಲ್ಲವೇ ಅಲ್ಲ, ಸ್ಟ್ರಿಂಗ್ ಅಂದರೆ ಅಕ್ಷರ. ಒಂದು ಈಕ್ವಲ್ ಹಾಕಿದರೆ ಡಬ್ಬಿಯೊಳಗೆ ಇಟ್ಟಂತೆ. ಎರಡು ಈಕ್ವಲ್ ಹಾಕಿದರೆ ಎರಡೂ ಸಮ ಇವೆಯೇ ಎಂದು ಕೇಳಿದಂತೆ.

ಸುಭಾಸ ತನ್ನ ಮೊದಲ ಡಬ್ಬಿಗೆ 'ನೀರು' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಟ್ಟ. ಅದನ್ನು ಇಂಟ್ ಮಾಡಿ, ಆ ದಿನ ಟಾಕಿಯಲ್ಲಿದ್ದ ಏಳೂವರೆ ಫೂಟನ್ನು ಅದರಲ್ಲಿ ಇಡಲು ಹೋದ. ಯಂತ್ರ ಒಪ್ಪಲಿಲ್ಲ. ಕೆಂಪು ಅಕ್ಷರದಲ್ಲಿ ಏನೋ ಬಂತು.

"ಇಂಟ್‌ನ್ಯಾಗ ಅರ್ಧ ಹಿಡ್ಯೂದಿಲ್ರಿ ಕಾಕಾ," ಅಂದಳು ತಮನ್ನಾ. "ನೀವು ಅಷ್ಟು ಒತ್ತಾಯ ಮಾಡಿ ಹಾಕಿದ್ರ ಏಳ ಇಟ್ಕೊಂಡು ಅರ್ಧ ಒಗೀತೈತಿ."

"ಅರ್ಧ ಫೂಟು ಅಂದ್ರ ಒಂದು ಓಣಿ ನೀರ್ರಿ ಟೀಚರ್," ಎಂದ ಸುಭಾಸ ಗಂಭೀರವಾಗಿ. ಹುಡುಗಿಯರು ನಕ್ಕರು. ಅವನು ಇಂಟ್ ಅಳಿಸಿ ಡಬಲ್ ಬರೆದ. ಯಂತ್ರ ಸುಮ್ಮನೆ ಒಪ್ಪಿಕೊಂಡಿತು. ಇಷ್ಟು ವರ್ಷಗಳಲ್ಲಿ ತಾನು ಹೇಳಿದ್ದನ್ನು ಎದುರಾಡದೆ ಒಪ್ಪಿದ್ದು ಇದೊಂದೇ ಎಂದು ಅವನಿಗೆ ಅನ್ನಿಸಿತು.

ಐದನೆಯ ವಾರ ಇಫ್ ಮತ್ತು ಎಲ್ಸ್ ಬಂದವು. ಹೀಗಿದ್ದರೆ ಇದನ್ನು ಮಾಡು, ಇಲ್ಲದಿದ್ದರೆ ಅದನ್ನು ಮಾಡು. ನಿಮ್ಮ ದಿನದ ಒಂದು ನಿರ್ಧಾರವನ್ನು ಬರೆದು ತನ್ನಿ ಎಂದು ತಮನ್ನಾ ಮನೆಪಾಠ ಕೊಟ್ಟಳು. ಹುಡುಗಿಯರು ಮಾರ್ಕ್ಸು, ಪಾಸು, ಫೇಲು ಬರೆದರು. ಸುಭಾಸ ಹುಬ್ಬಳ್ಳಿಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಕೊಂಡು ತಂದು, ಟಾಕಿಯ ನೀರು ಆರು ಫೂಟಿಗಿಂತ ಹೆಚ್ಚಿದ್ದರೆ ಅಗಸಿ ಓಣಿಗೆ ಬಿಡು, ಆರಕ್ಕಿಂತ ಕಡಿಮೆ ಇದ್ದರೆ ನಾಳೆ ಎನ್ನು ಎಂದು ಬರೆದ. ವಾರದ ಯಾವ ದಿನ ಯಾವ ಓಣಿ ಎಂಬುದನ್ನೂ ಸೇರಿಸಿದ. ಮೂರು ದಿನ ಸರಿಯಾಗಿ ಹೇಳಿತು. ನಾಲ್ಕನೆಯ ದಿನ ಅಗಸಿ ಓಣಿಯ ವಿಷಯದಲ್ಲಿ ಏನೂ ಹೇಳಲಿಲ್ಲ. ಅವನು ಹೆದರಿ ಲ್ಯಾಪ್‌ಟಾಪನ್ನೇ ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ತಮನ್ನಾ ನೋಡಿ, "ಇವತ್ತು ಟಾಕಿಯೊಳಗ ಎಷ್ಟೈತ್ರಿ?" ಅಂದಳು.

"ಬರೋಬರಿ ಆರು ಫೂಟ್ರಿ."

"ಹೆಚ್ಚಿದ್ರ ಏನ್ ಮಾಡ್ಬೇಕು ಅಂತ ಹೇಳೀರಿ, ಕಡಿಮಿ ಇದ್ರ ಏನ್ ಮಾಡ್ಬೇಕು ಅಂತ ಹೇಳೀರಿ. ಬರೋಬರಿ ಆರು ಇದ್ರ ಏನ್ ಮಾಡ್ಬೇಕು ಅಂತ ಹೇಳೇ ಇಲ್ಲಲ್ರಿ."

ಹೆಚ್ಚು ಎಂಬ ಚಿಹ್ನೆಯ ಮುಂದೆ ಒಂದು ಈಕ್ವಲ್ ಸೇರಿಸಿದಳು. ಆರು ಅಥವಾ ಅದಕ್ಕಿಂತ ಹೆಚ್ಚು. ಅಷ್ಟೇ.

ಆ ಬ್ಯಾಚು ಅಲ್ಲಿಗೇ ನಿಂತಿತು. ತಮನ್ನಾಗೆ ಹುಬ್ಬಳ್ಳಿಯಲ್ಲಿ ಬೇರೆ ಕೆಲಸ ಸಿಕ್ಕಿತು, ಮಾಳಿಗೆಯ ಕ್ಲಾಸಿಗೆ ಕೀಲಿ ಬಿತ್ತು. "ಮುಂದಿನ ಪಾಠ ಲೂಪ್ ಇತ್ತ್ರಿ ಕಾಕಾ. ಒಮ್ಮೆ ಹೇಳಿದ್ದನ್ನ ಅದ ಮತ್ತ ಮತ್ತ ಮಾಡ್ಕೋತ ಹೋಗ್ತೈತಿ. ಯೂಟ್ಯೂಬ್‌ನ್ಯಾಗ ನೋಡ್ರಿ," ಎಂದು ಹೇಳಿ ಹೋದಳು. ಸುಭಾಸ ನೋಡಲಿಲ್ಲ. ದಿನಾ ಬೆಳಿಗ್ಗೆ ಟಾಕಿಯ ಅಳತೆ ನೋಡಿ ಬಂದು, ಪ್ರೋಗ್ರಾಮಿನೊಳಗೆ ಹಿಂದಿನ ದಿನದ ಸಂಖ್ಯೆ ಅಳಿಸಿ ಹೊಸದನ್ನು ಕೈಯಿಂದಲೇ ಬರೆದು ಓಡಿಸುವುದು ಅವನಿಗೆ ಸೇರುತ್ತಿತ್ತು.

ಅದು ಹೇಳಿದ್ದನ್ನು ಕನ್ನಡದಲ್ಲಿ ಬರೆದು ಊರಿನ ವಾಟ್ಸಪ್ ಗುಂಪಿಗೆ ಹಾಕತೊಡಗಿದ. ಯಾವ ಓಣಿ, ಎಷ್ಟು ಹೊತ್ತಿಗೆ, ಟಾಕಿಯಲ್ಲಿ ಎಷ್ಟು ಫೂಟು. ಮೊದಮೊದಲು ಮಂದಿ ಟಾಕಿಯ ಬುಡಕ್ಕೆ ಬಂದು ಅಳತೆಪಟ್ಟಿ ನೋಡಿ ಹೋದರು. ಎರಡು ತಿಂಗಳಲ್ಲಿ ಒಂದು ಸಲವೂ ಮಾತು ತಪ್ಪಲಿಲ್ಲ. "ಶಭಾಷ್ ಲೇ ಸುಭಾಸ್ಯಾ, ಊರು ತಣ್ಣಗಾತು," ಅಂದ ಶಂಕ್ರಪ್ಪ.

ನಿಜವಾಗಿಯೂ ತಣ್ಣಗಾಯಿತು. ಬೆಳಿಗ್ಗೆ ಫೋನು ಬಡಿಯುವುದು ನಿಂತಿತು. ಕೇಳುವುದೇ ಏನೂ ಇಲ್ಲದ ಮೇಲೆ ಪಂಪ್‌ಹೌಸಿನ ತನಕ ಯಾರು ಬರುತ್ತಾರೆ? ಅವನು ವಾಲ್ವ್ ತಿರುವಲು ಓಣಿಗೆ ಹೋದರೆ ಕೊಡಗಳು ಆಗಲೇ ಸಾಲಾಗಿ ಇರುತ್ತಿದ್ದವು. ಹೆಂಗಸರು ತಮ್ಮ ತಮ್ಮಲ್ಲಿ ಮಾತಾಡುತ್ತ ನಿಂತಿರುತ್ತಿದ್ದರು, ಅವನತ್ತ ನೋಡುತ್ತಿರಲಿಲ್ಲ. ಗುಂಪಿನಲ್ಲಿ ನಾಲ್ಕು ಹೆಬ್ಬೆರಳಿನ ಚಿತ್ರ ಬರುತ್ತಿದ್ದವು, ಆಮೇಲೆ ಅವೂ ನಿಂತವು. ಒಂದು ಸೋಮವಾರ ಸಂಜೆ ಬೆಳಗಿನ ಅನ್ನ ಬಡಿಸಿಕೊಂಡು ಕೂತಾಗ, ಶನಿವಾರದಿಂದ ತಾನು ಒಂದು ಮಾತನ್ನೂ ಆಡಿಲ್ಲ ಎಂಬುದು ಅವನ ನೆನಪಿಗೆ ಬಂತು. ಗಂಟಲು ಸರಿಮಾಡಿಕೊಂಡು "ಹೂಂ" ಎಂದು ನೋಡಿದ. ದನಿ ಬೇರೆ ಯಾರದೋ ಅನ್ನಿಸಿತು.

ಮಾಘ ಮಾಸದ ಒಂದು ಬೆಳಿಗ್ಗೆ ಟಾಕಿಯಲ್ಲಿ ನಾಲ್ಕೂವರೆ ಫೂಟು ಇತ್ತು. ಸುಭಾಸ ಆ ಸಂಖ್ಯೆ ಬರೆದ. ಆಮೇಲೆ ಕೆಳಗಿನ ಸಾಲಿಗೆ ಹೋಗಿ, ಹೆಚ್ಚು ಎಂಬ ಚಿಹ್ನೆಯನ್ನು ಅಳಿಸಿ ಕಡಿಮೆ ಎಂಬುದನ್ನು ಹಾಕಿದ. ಒಂದೇ ಗುರುತು. ಓಡಿಸಿದ. ಯಂತ್ರ ಯಾಕೆ ಎಂದು ಕೇಳಲಿಲ್ಲ. ಅಗಸಿ ಓಣಿಗೆ ಒಂಬತ್ತಕ್ಕೆ ನೀರು ಎಂದು ಹೇಳಿತು. ಅವನು ಟಾಕಿಯ ಅಳತೆ ಬಿಟ್ಟು ಉಳಿದದ್ದನ್ನು ಗುಂಪಿಗೆ ಹಾಕಿದ. ಒಂಬತ್ತೂಕಾಲಿಗೆ ಫೋನು ಬರುತ್ತದೆ, ಒಂಬತ್ತೂವರೆಗೆ ಇಬ್ಬರಾದರೂ ಬಂದೇ ಬರುತ್ತಾರೆ, ಬೈದರೆ ಬೈಯಲಿ ಎಂದು ಕಟ್ಟೆಯ ಕಸ ಗುಡಿಸಿ ಕೂತ.

ಒಂಬತ್ತೂವರೆ ಆಯಿತು. ಹತ್ತಾಯಿತು. ಫೋನಿನಲ್ಲಿ ಚಾರ್ಜ್ ಇದೆಯೇ ಎಂದು ಎರಡು ಸಲ ನೋಡಿದ. ಹನ್ನೊಂದೂವರೆಯ ತನಕವೂ ಯಾರೂ ಬರಲಿಲ್ಲ. ಕೊನೆಗೆ ತಡೆಯಲಾರದೆ ಸೈಕಲ್ ಹತ್ತಿ ತಾನೇ ಅಗಸಿ ಓಣಿಗೆ ಹೋದ.

ನಳದ ಮುಂದೆ ಮೂವತ್ತಕ್ಕೂ ಹೆಚ್ಚು ಕೊಡಗಳು ಖಾಲಿಯಾಗಿ ಸಾಲಿನಲ್ಲಿದ್ದವು. ಕಡಲೆ ಕೀಳುವ ಹಂಗಾಮು. ಕೊಡ ಇಟ್ಟವರೆಲ್ಲ ಹೊಲಕ್ಕೆ ಹೋಗಿದ್ದರು. ಕೊಡಗಳ ಪಕ್ಕ, ಬಿಸಿಲಿನಲ್ಲಿ, ಸೆರಗು ತಲೆಗೆ ಹೊದ್ದು ಸಾವಿತ್ರೆವ್ವ ಒಬ್ಬಳೇ ಕೂತಿದ್ದಳು. ಅರವತ್ತರ ಹೆಂಗಸು. ಮದುವೆ ಮನೆಗಳಿಗೆ ಖಡಕ್ ರೊಟ್ಟಿ ಬಡಿದು ಕೊಡುವುದು ಅವಳ ಕಸುಬು. ಮೊಣಕಾಲು ನೋವಿನಿಂದ ಹೊಲಕ್ಕೆ ಹೋಗುತ್ತಿರಲಿಲ್ಲ.

"ಎಷ್ಟೊತ್ತಾತು ಯವ್ವಾ ಕುಂತು?" ಎಂದು ಕೇಳಿದ ಸುಭಾಸ.

"ಎಂಟೂವರಿಗೆ ಬಂದೀನಿ. ನಂದಾ ಹೊಲಕ್ಕ ಹೋಗೂ ಮೊದ್ಲ ಮೆಸೇಜ್ ಓದಿ ಹೇಳಿ ಹೋಗ್ಯಾಳ." ನಂದಾ ಅವಳ ಮಗಳು. "ನಾಳೆ ಮುನ್ನೂರು ರೊಟ್ಟಿ ಕೊಡೂದೈತಿ. ಮನ್ಯಾಗ ಹಿಟ್ಟು ನಾದಾಕ ಹನಿ ನೀರಿಲ್ಲ."

"ಬರಲಿಲ್ಲಂದ್ರ ಒಂದು ಫೋನ್ ಹಚ್ಚಿಸಬಾರದೇನು?"

"ಯಾಕ ಹಚ್ಚಲಿ? ನೀ ಬರ್ತೈತಿ ಅಂತ ಬರ್ದಿ ಅಂದ್ರ ಬರ್ತೈತಿ. ಒಂದೀಟು ತಡಾ ಆಗಿರ್ತೈತಿ ಅಂತ ಎಲ್ಲಾರೂ ಕೊಡ ಇಟ್ಟು ಹೋದ್ರು."

ಸುಭಾಸ ಸೈಕಲ್ ನಿಲ್ಲಿಸಿ ಅವಳ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತ.

"ಇವತ್ತು ನೀರು ಬರೂದಿಲ್ಲ ಯವ್ವಾ. ನನಗ ಮುಂಜಾನೇನ ಗೊತ್ತಿತ್ತು. ನಾನ ಸುಳ್ಳು ಬರದೆ."

ಅವಳು ಸೆರಗು ಸರಿಸಿ ಅವನ ಮುಖ ನೋಡಿದಳು. "ಯಾಕಲೇ?"

"ಯಾರರ ಬರ್ತಾರಂತ."

"ಎಲ್ಲಿಗೆ?"

"ಪಂಪ್‌ಹೌಸಿಗೆ. ಬಯ್ಯಾಕರ ಬರ್ತಾರಂತ."

ಸಾವಿತ್ರೆವ್ವ ನೋಯುವ ಮೊಣಕಾಲನ್ನು ಎರಡೂ ಕೈಗಳಿಂದ ಹಿಡಿದು ಚಾಚಿದಳು. "ನನ್ನ ಮೂರು ತಾಸು ಬಿಸಿಲಿಗಿಟ್ಟಿ ನೀನು," ಅಂದಳು. ಬಯ್ಗುಳವಾಗಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ದನಿ ಮೆತ್ತಗಿತ್ತು.

ಅವನು ಎದ್ದು ಅವಳ ಎರಡು ಕೊಡಗಳನ್ನು ಸೈಕಲ್ಲಿಗೆ ಕಟ್ಟಿ ಪಂಪ್‌ಹೌಸಿಗೆ ಹೋಗಿ ತುಂಬಿಸಿ ತಂದ. ಮತ್ತೆ ಎರಡು. ಆಮೇಲೆ ಸಾಲಿನಲ್ಲಿದ್ದ ಉಳಿದವರ ಕೊಡಗಳು. ಮಧ್ಯಾಹ್ನ ಪೂರ್ತಿ ಹಾಗೆ ಓಡಾಡಿದ. ಹೊಲದಿಂದ ಮಂದಿ ಮರಳುವ ಹೊತ್ತಿಗೆ ಎಲ್ಲ ಕೊಡಗಳೂ ತುಂಬಿದ್ದವು. ಖೋಲಿಗೆ ಮರಳಿ ಪ್ರೋಗ್ರಾಮಿನ ಚಿಹ್ನೆಯನ್ನು ಸರಿ ಮಾಡಿ, ಗುಂಪಿನಲ್ಲಿ ಬರೆದ: "ಇವತ್ತು ಅಗಸಿ ಓಣಿಗೆ ನೀರು ಅಂತ ಹಾಕಿದ್ದು ಸುಳ್ಳು. ಬೇಕಂತ ಹಾಕಿದ್ದು. ತಪ್ಪು ನನ್ನದು." ಶಂಕ್ರಪ್ಪ ಫೋನು ಮಾಡಿ, "ನಿನಗೇನು ಹುಚ್ಚು ಹಿಡದೈತೇನ್ಲೇ? ಮತ್ತೊಮ್ಮೆ ಹಿಂಗ ಮಾಡಿದ್ರ ಪಂಪ್‌ಹೌಸಿನ ಕೀಲಿ ಇಸ್ಕೊಂಡು ಬಿಡ್ತೀನಿ," ಎಂದು ಗದರಿದ. ಬೇರೆ ಯಾರೂ ಏನೂ ಅನ್ನಲಿಲ್ಲ. ಆದರೆ ಮರುದಿನದಿಂದ ಕೆಲವರು ಮತ್ತೆ ಟಾಕಿಯ ಬುಡಕ್ಕೆ ಬಂದು ಅಳತೆಪಟ್ಟಿ ನೋಡಿ, ಅವನೊಡನೆ ಮಾತಾಡದೆ ಹೋಗತೊಡಗಿದರು. ಅದೇ ಅವನನ್ನು ಹೆಚ್ಚು ನೋಯಿಸಿತು.

ಮೂರನೆಯ ದಿನ ವಾಲ್ವ್ ತಿರುವಿ ಬರುವಾಗ ಸಾವಿತ್ರೆವ್ವ ಬಾಗಿಲಿಂದ ಕೂಗಿದಳು. "ಲೇ ಸುಭಾಸಾ, ಜ್ವಾಳದ ಚೀಲ ಗಿರಣಿಗೆ ಒಯ್ಯಬೇಕು. ನನ್ನ ಕೈಲೆ ಆಗೂದಿಲ್ಲ, ಬಾ."

ಅವನು ಒಯ್ದ. ಹಿಟ್ಟು ತಂದು ಇಳಿಸಿದಾಗ ಅವಳು ಒಂದು ರೊಟ್ಟಿ, ಶೇಂಗಾ ಚಟ್ನಿ, ಮೊಸರು ಮುಂದಿಟ್ಟಳು. "ಗುರುವಾರಕ್ಕೊಮ್ಮೆ ಬಾ," ಅಂದಳು. ಗುರುವಾರಕ್ಕೊಮ್ಮೆ ಅವನು ಹೋದ. ಅವಳು ರೊಟ್ಟಿ ಬಡಿಯುತ್ತಿದ್ದರೆ ಗೋಡೆಗೆ ಒರಗಿ ಕೂರುತ್ತಿದ್ದ. ಎರಡು ವಾರ ಸುಮ್ಮನೆ ಕೂತು ಬಂದ. ಮೂರನೆಯ ವಾರ ಡಬ್ಬಿ, ಇಂಟ್, ಡಬಲ್ ಎಂದು ಹೇಳಲು ಶುರು ಮಾಡಿದ. ಅವಳಿಗೆ ಏನೂ ತಿಳಿಯಲಿಲ್ಲ, ತಿಳಿದಂತೆ ತಲೆಯಾಡಿಸಲೂ ಇಲ್ಲ. "ಮಾತಾಡ್ಕೋತ ಹಂಗ ಆ ಹಿಟ್ಟಿನ ಬುಟ್ಟಿ ಈ ಕಡೆ ಸರ್ಸು," ಅಂದಳು. ಅವನು ಬುಟ್ಟಿ ಸರಿಸಿ ಮುಂದುವರಿಸಿದ.

ವಾರದ ಉಳಿದ ಆರು ದಿನಗಳಲ್ಲಿ ಏನೂ ಬದಲಾಗಲಿಲ್ಲ. ಅದೇ ಖೋಲಿ, ಅದೇ ಅನ್ನ. ಬೇಸಿಗೆಯಲ್ಲಿ ಸಾವಿತ್ರೆವ್ವ ಕಾಲಿಗೆ ಔಷಧ ಹಚ್ಚಿಸಿಕೊಳ್ಳಲೆಂದು ಅಣ್ಣಿಗೇರಿಗೆ, ತಂಗಿಯ ಮನೆಗೆ ಹೋದಳು. ಅದು ಗೊತ್ತಿಲ್ಲದೆ ಸುಭಾಸ ಗುರುವಾರ ಹೋಗಿ ಅಂಗಳದಲ್ಲಿ ನಿಂತ. ನಂದಾ ಹೊರಗೆ ಬಂದಳು.

"ಅವ್ವ ಇಲ್ರಿ. ಬರೂದು ಒಂದು ತಿಂಗಳಾಗ್ತೈತಿ."

"ಹೌದೇನ್ರಿ," ಎಂದು ಅವನು ಸೈಕಲ್ ತಿರುಗಿಸಿದ.

"ಸುಭಾಸಣ್ಣಾ, ನಿಂದರ್ರಿ. ಜ್ವಾಳ ಹಸನ ಮಾಡಿ ಇಟ್ಟೀನಿ. ಬೀಸಿಸ್ಕೊಂಡು ಬರ್ತೀರೇನು?"

ಅವನು ಚೀಲ ಹಿಡಿದು ಕ್ಯಾರಿಯರ್ ಮೇಲೆ ಇಟ್ಟುಕೊಂಡ. ಗಿರಣಿಯಲ್ಲಿ ಅವನಿಗಿಂತ ಮುಂಚೆ ನಾಲ್ಕು ಜನರಿದ್ದರು. ಕರೆಂಟು ಇರಲಿಲ್ಲ. ಅವರು ಸರಿದು ಬೆಂಚಿನ ಮೇಲೆ ಜಾಗ ಕೊಟ್ಟರು. ಅವನು ಕೂತ.