ಸೋಸಲೆಯಲ್ಲಿ ಕಳೆದುಹೋದ ಹಕಾರ

ಬಸ್ಸಿನ ಕಿಟಕಿಯ ಪಕ್ಕ ಕೂತರೆ ನನಗೆ ನಿದ್ದೆಯೂ ಅಲ್ಲದ, ಎಚ್ಚರವೂ ಅಲ್ಲದ ಒಂದು ಸ್ಥಿತಿ ಬರುತ್ತದೆ. ಕಣ್ಣು ತೆರೆದೇ ಇರುತ್ತದೆ, ಕಂಡಕ್ಟರ್ ಕೇಳಿದರೆ ಊರಿನ ಹೆಸರನ್ನೂ ಸರಿಯಾಗಿಯೇ ಹೇಳುತ್ತೇನೆ, ಆದರೆ ಒಳಗೊಳಗೇ ಎಲ್ಲೋ ಹೋಗಿಬಿಟ್ಟಿರುತ್ತೇನೆ. ತಿರುಮಕೂಡಲು ನರಸೀಪುರದಲ್ಲಿ ಮನೆ, ನಂಜನಗೂಡಿನ ಡಿಗ್ರಿ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರ ಕೆಲಸ. ಹೀಗಾಗಿ ನನ್ನ ಯೌವನದ ದೊಡ್ಡ ಪಾಲು ಈ ಸ್ಥಿತಿಯಲ್ಲೇ ಕಳೆಯಿತು. ಹೊರಗೆ ಗದ್ದೆ, ನಾಲೆ, ಕಬ್ಬಿನ ಗಾಡಿಗಳು ಹಿಂದಕ್ಕೆ ಸರಿಯುತ್ತಿದ್ದರೆ ನಾನು ಯಾವುದೋ ದೇಶದ ಯಾವುದೋ ಬಂದರಿನಲ್ಲಿ ಇಳಿಯುತ್ತಿದ್ದೆ. ನನ್ನ ಹೆಂಡತಿ ಇದನ್ನು ಮಂಕು ಎನ್ನುತ್ತಾಳೆ. ನಮ್ಮ ಪ್ರಿನ್ಸಿಪಾಲರು ದೂರದೃಷ್ಟಿ ಎಂದು ತಪ್ಪು ತಿಳಿದರು. ಮುಂದಿನದೆಲ್ಲ ಆದದ್ದು ಅದರಿಂದಲೇ.

ಪ್ರಿನ್ಸಿಪಾಲ್ ಶಿವಮಲ್ಲಪ್ಪನವರು ಅಚ್ಚುಕಟ್ಟಾದ ಮನುಷ್ಯ ಎಂದರೆ ಕಡಿಮೆಯಾಯಿತು. ಹಣೆಯ ವಿಭೂತಿಯ ಗೆರೆ ಎಷ್ಟು ನೇರವೋ ಮಾತೂ ಅಷ್ಟೇ ನೇರ. ಕಾಫಿ ಬೇಕಾದರೂ ಪಠ್ಯಪುಸ್ತಕದ ಕನ್ನಡದಲ್ಲೇ ಕೇಳುತ್ತಿದ್ದರು. ಅವರ ಎದುರು ಮಾತನಾಡುವಾಗ ವ್ಯಾಕರಣ ಓದಿದ ನಾನೂ ಎರಡು ಸಲ ಯೋಚಿಸುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ಅವರ ನಿವೃತ್ತಿಯೂ ಹತ್ತಿರವಾಗಿತ್ತು. ಹೋಗುವ ಮೊದಲು ಕಾಲೇಜಿಗೆ ಏನಾದರೊಂದು ಮಾಡಿಹೋಗಬೇಕೆಂಬ ತಹತಹ ಅವರಿಗೆ.

ಅಂಥ ಹೊತ್ತಿನಲ್ಲಿ ಫಿನ್ಲೆಂಡಿನಿಂದ ಪೆಕ್ಕಾ ಎಂಬ ಭಾಷಾಶಾಸ್ತ್ರದ ಪ್ರೊಫೆಸರು ನಂಜನಗೂಡಿನ ದೇವಸ್ಥಾನ ನೋಡಲು ಬಂದರು. ಯಾರೋ ಅವರನ್ನು ನಮ್ಮ ಸ್ಟಾಫ್ ರೂಮಿಗೂ ಕರೆತಂದರು. ಸರೋವರಗಳ ನಡುವಿನ ಒಂದು ಪುಟ್ಟ ಊರಿನ ವಿಶ್ವವಿದ್ಯಾನಿಲಯ ಅವರದು. ತಮ್ಮ ವಿದ್ಯಾರ್ಥಿಗಳು ಕನ್ನಡ ಕಲಿಯಬೇಕು, ಅದೂ ದೊಡ್ಡ ನಗರದಲ್ಲಲ್ಲ, ಜನ ದಿನವಿಡೀ ಕನ್ನಡವನ್ನೇ ಆಡುವ ಜಾಗದಲ್ಲಿ ಎಂಬುದು ಅವರ ಆಸೆ. ಬದಲಿಗೆ ನಮ್ಮ ಹುಡುಗ ಹುಡುಗಿಯರು ಅಲ್ಲಿಗೆ ಹೋಗಿ ಓದಬಹುದು. ಶಿವಮಲ್ಲಪ್ಪನವರ ಮುಖದಲ್ಲಿ ದೀಪ ಹಚ್ಚಿದ ಹಾಗಾಯಿತು. ಅಂದಿನಿಂದ ನಾನು ಅಂತರರಾಷ್ಟ್ರೀಯ ಸಂಚಾಲಕ. ಸಂಚಾರ ಮಾತ್ರ ನರಸೀಪುರದಿಂದ ನಂಜನಗೂಡಿಗೆ, ಅಪರೂಪಕ್ಕೊಮ್ಮೆ ಇ-ಮೇಲ್ ಕಳಿಸಲು ಮೈಸೂರಿಗೆ.

ಮೊದಲು ಪರೀಕ್ಷೆಗೆಂದು ಒಬ್ಬಳೇ ವಿದ್ಯಾರ್ಥಿನಿ ಬರುವುದು, ಕೆಲವು ತಿಂಗಳು ಒಂದು ಮನೆಯಲ್ಲಿದ್ದು ಕಲಿಯುವುದು, ಆಮೇಲೆ ಎರಡೂ ಕಡೆಯವರು ಕೂತು ಅವಳ ಕನ್ನಡ ಕೇಳಿ, ಸಮಾಧಾನವಾದರೆ ಒಪ್ಪಂದಕ್ಕೆ ಸಹಿ ಹಾಕುವುದು ಎಂದು ತೀರ್ಮಾನವಾಯಿತು. ಹಾಗೆ ಬಂದವಳು ಐನೊ. ಬೆಳ್ಳಗಿನ, ಎತ್ತರದ, ಮಾತು ಬಹಳ ಕಡಿಮೆಯ ಹುಡುಗಿ. ಅವಳಿಗೆ ಸೋಸಲೆಯಲ್ಲಿ ನನ್ನ ಹೆಂಡತಿಯ ಸೋದರತ್ತೆ ಜಯಮ್ಮನ ಮನೆ ಗೊತ್ತುಮಾಡಿದೆ. ಹೊಲ, ಎರಡು ಹಸು, ಹೊಳೆಯ ಗಾಳಿ ಇದ್ದ ಮನೆ. ಜಯಮ್ಮ ವಿಧವೆ, ಮಾತಿನಲ್ಲಿ ಧಾರಾಳಿ. ಒಬ್ಬರು ಮಾತೇ ಆಡುವುದಿಲ್ಲ, ಇನ್ನೊಬ್ಬರು ನಿಲ್ಲಿಸುವುದಿಲ್ಲ. ಭಾಷೆ ಕಲಿಯಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲವೆಂದು ನನ್ನ ಲೆಕ್ಕ.

ಐನೊಳಿಂದ ನಾನು ಕಲಿತದ್ದೂ ಕಡಿಮೆಯಲ್ಲ. ಅವರ ಭಾಷೆಯೂ ನಮ್ಮದರ ಹಾಗೆಯೇ ಪದದ ಬಾಲಕ್ಕೆ ಪ್ರತ್ಯಯ ಅಂಟಿಸಿಕೊಂಡು ಹೋಗುತ್ತದೆ. ನಮ್ಮ ವಿಭಕ್ತಿಗಳನ್ನು ಕಂಡು ಬೇರೆಯವರು ಹೆದರುತ್ತಾರೆ, ಅವಳು ಇಷ್ಟೇನಾ ಎಂದಳು. ಇಂಗ್ಲಿಷಿನವರಿಗೆ ತಮ್ಮ ಬಳಿ ಏನಿದೆಯೆಂದು ಹೇಳಲೂ ‘ಹೊಂದಿದ್ದೇನೆ’ ಎಂಬ ಅರ್ಥದ ಒಂದು ಕ್ರಿಯಾಪದ ಬೇಕು. ಫಿನ್ನಿಷ್ ಜನ ದಿನದ ಮಾತಿನಲ್ಲಿ ನಮ್ಮಂತೆಯೇ ನನ್ನ ಹತ್ತಿರ ಇದೆ ಎನ್ನುತ್ತಾರಂತೆ. ಮನೆಯಾಗಲಿ, ಕೊಡೆಯಾಗಲಿ, ಸದ್ಯಕ್ಕೆ ನಮ್ಮ ಹತ್ತಿರ ಇದೆ, ಅಷ್ಟೆ. ಇದನ್ನು ತಿಳಿದ ಸಂಜೆ ಸಂಗಮದ ಮೆಟ್ಟಿಲ ಮೇಲೆ ಕೂತು, ಕಪಿಲೆ ಕಾವೇರಿಯೊಳಕ್ಕೆ ಸದ್ದಿಲ್ಲದೆ ಸೇರುವುದನ್ನು ಬಹಳ ಹೊತ್ತು ನೋಡಿದೆ. ಯಾವ ನೀರು ಯಾರದು ಎಂದು ಹೊಳೆಯೂ ಕೇಳುತ್ತಿರಲಿಲ್ಲ. ಮನೆಗೆ ಬೇಳೆ ತರಬೇಕಾದದ್ದು ಮರೆತೇಹೋಯಿತು.

ಅವರ ಭಾಷೆಯಲ್ಲಿ ಅವನು, ಅವಳು ಎಂಬ ಭೇದವಿಲ್ಲ. ನಮ್ಮಲ್ಲಿ ಅವನು, ಅವಳು, ಅವರು, ಅದು ಎಂದು ಸಾಲುಗಟ್ಟಿ ನಿಂತಿದ್ದನ್ನು ನೋಡಿ ಐನೊ ಗಾಬರಿಯಾದಳು. ಯಾರಿಗೂ ಅವಮಾನವಾಗದಿರಲೆಂದು ಎಲ್ಲರಿಗೂ ಅವರು ಎಂದೇ ಹೇಳತೊಡಗಿದಳು. ಬಸ್ಸು ಬಂದರು, ನಾಯಿ ಮಲಗಿದ್ದಾರೆ. ಸೋಸಲೆಯ ಜನಕ್ಕೆ ಇದು ಬಹಳ ಹಿಡಿಸಿತು.

ನನಗೆ ಆತಂಕ ಶುರುವಾದದ್ದು ಬೇರೆ ವಿಷಯಕ್ಕೆ. ವಿಮಾನದಿಂದ ಇಳಿದಾಗ ಅವಳಿಗೆ ಹಕಾರ ಚೆನ್ನಾಗಿಯೇ ಬರುತ್ತಿತ್ತು, ಸೋಸಲೆಗೆ ಹೋದ ಮೇಲೆ ಅದು ಕಳೆದುಹೋಯಿತು. ಹಳ್ಳಿ ಅಳ್ಳಿಯಾಯಿತು, ಹೋಗು ಓಗು ಆಯಿತು. ನಾನು ಕ್ಲಾಸಿನಲ್ಲಿ ಹಕಾರ ತುಂಬಿ ಕಳಿಸುತ್ತಿದ್ದೆ, ಜಯಮ್ಮ ಒಂದೇ ಸಂಜೆಯಲ್ಲಿ ಖಾಲಿಮಾಡುತ್ತಿದ್ದರು. ಹೀಗೆ ಮಾಡಬೇಡಿ ಎಂದು ಬೇಡಿಕೊಂಡರೆ ಆಕೆ ನಕ್ಕು, “ನಾ ಏನ್ ಮಾಡ್ದೆ ಮೇಷ್ಟ್ರೇ? ಮಗ ಮಾತಾಡ್ತದೆ, ನಾನೂ ಮಾತಾಡ್ತೀನಿ” ಎಂದರು.

ಪರೀಕ್ಷೆಯ ದಿನಕ್ಕೆ ಪೆಕ್ಕಾ ಬಂದರು. ಮೈಸೂರಿನಿಂದ ಒಬ್ಬ ನಿವೃತ್ತ ಪಂಡಿತರೂ ಪರೀಕ್ಷಕರಾಗಿ ಬಂದರು. ಪ್ರಿನ್ಸಿಪಾಲರ ಕೋಣೆಯ ಮೇಜಿಗೆ ಹೊಸ ಬಟ್ಟೆ ಹಾಸಿತ್ತು. ಶಿವಮಲ್ಲಪ್ಪನವರು ಅಂದು ಉಪವಾಸ. ನಾನು ಬರೆದುಕೊಟ್ಟಿದ್ದ ಚೆಂದದ ಭಾಷಣವನ್ನು ಐನೊ ಮಡಿಚಿ ಚೀಲದೊಳಗಿಟ್ಟಳು. ತಾನಿರುವ ಮನೆಯ ಬಗ್ಗೆ ಹೇಳುತ್ತೇನೆಂದು ಶುರುಮಾಡಿದಳು.

“ನಮ್ಮತ್ತೆ ಒತ್ತಾರೆ ಎದ್ಬುಟ್ಟು ಆಲು ಕರೀತಾರೆ. ಅಸು ಒದೆಯಾಕಿಲ್ಲ. ಅವ್ರು ಬಾಳ ಒಳ್ಳೆಯವ್ರು.”

ಒಳ್ಳೆಯವರು ಅತ್ತೆಯೋ ಹಸುವೋ ಎಂಬುದು ನನಗೂ ತಿಳಿಯಲಿಲ್ಲ. ಅವಳು ನಿರಾಳವಾಗಿ, ತಡವರಿಸದೆ ಮುಂದುವರಿದಳು: ಹೊಳೆ, ರಾಗಿ ಮುದ್ದೆ, ಸಂಜೆ ಜಗುಲಿಯಲ್ಲಿ ಸುಮ್ಮನೆ ಕೂರುವುದು. ಮುಗಿದಾಗ ಪಂಡಿತರು ಕನ್ನಡಕ ತೆಗೆದರು. ಹುಡುಗಿ ಜಾಣೆ, ಆದರೆ ಕಲಿತಿರುವುದು ಅಶುದ್ಧ ಕನ್ನಡ, ಇದಕ್ಕಾಗಿ ಅಷ್ಟು ದೂರದಿಂದ ಬರಬೇಕಿತ್ತೇ ಎಂದು ಮೆದುವಾಗಿಯೇ ಕೇಳಿದರು. ಇದಕ್ಕೆ ತಮ್ಮ ಒಪ್ಪಿಗೆ ಕಷ್ಟ ಎಂದರು. ಐನೊ ತಲೆ ತಗ್ಗಿಸಿದಳು. ನಾನು ಅವಳ ಪರವಾಗಿ ಹೇಳಲು ವ್ಯಾಕರಣದಲ್ಲಿ ಏನಾದರೂ ಸಿಕ್ಕೀತೆಂದು ಹುಡುಕುತ್ತಿದ್ದೆ.

ಅಷ್ಟರಲ್ಲಿ ಶಿವಮಲ್ಲಪ್ಪನವರು ಎದ್ದು ನಿಂತರು. ಅವರ ಬಾಯಿಂದ ನಾನು ಎಂದೂ ಕೇಳಿರದ ದನಿ ಬಂತು.

“ಅದು ತಪ್ಪಲ್ಲ ಕಣ್ರೀ. ನಮ್ಮವ್ವ ಇಂಗೇ ಮಾತಾಡ್ತಿದ್ದಿದ್ದು. ದೇವನೂರಲ್ಲಿ ನಾನೂ ಇಂಗೇ ಆಡ್ತಿದ್ದೆ, ಓದಾಕೆ ಅಂತ ಮೈಸೂರಿಗೆ ಓಗೋಗಂಟ. ಅಲ್ಲಿ ಉಡುಗ್ರು ನಕ್ರು. ಬುಟ್ಬುಟ್ಟೆ. ಆಮೇಲೆ ನಮ್ಮವ್ವನ್ ಜೊತೇಲೂ ಪುಸ್ತಕದಂಗೆ ಮಾತಾಡ್ದೆ. ಅವ್ಳು ನನ್ನ ಬನ್ನಿ ಓಗಿ ಅನ್ನೋಕೆ ಶುರು ಮಾಡುದ್ಲು.”

ನಾನು ಅದನ್ನು ಪೆಕ್ಕಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಕೊನೆಯ ವಾಕ್ಯ ಬಂದಾಗ ತಡವರಿಸಿದೆ. ಮಗನಿಗೆ ತಾಯಿ ಬಹುವಚನ ಹಚ್ಚುವ ದುಃಖ ಇಂಗ್ಲಿಷಿಗೆ ಹೇಗೆ ಬಂದೀತು? ಪೆಕ್ಕಾ, ತಾನೂ ಹಳ್ಳಿಯವನು, ತನ್ನ ಸೀಮೆಯ ಮಾತಿಗೆ ರಾಜಧಾನಿಯಲ್ಲಿ ನಗುತ್ತಾರೆ, ಆ ಮಾತು ಬಾಯಿಗೆ ಬರುವುದು ತಾಯಿ ಫೋನ್ ಮಾಡಿದಾಗ ಮಾತ್ರ ಎಂದರು. ಅವರೂ ಶಿವಮಲ್ಲಪ್ಪನವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಪಂಡಿತರೂ ಕಲ್ಲಿನ ಮನುಷ್ಯರಲ್ಲ. ಆಡುವಾಗ ಹೇಗಾದರೂ ಇರಲಿ, ಬರೆಯುವಾಗ ಮಾತ್ರ ಹಕಾರ ಬಿಡಬಾರದು ಎಂದು ಷರತ್ತು ಹಾಕಿ ಒಪ್ಪಿದರು. ಸಹಿಯಾಯಿತು. ಉಪವಾಸದ ಪ್ರಿನ್ಸಿಪಾಲರು ಅಂದು ಕಾಫಿ ಬೇಕೆಂದು ಕೇಳಿದ ಕನ್ನಡಕ್ಕೆ ಜವಾನ ಬೆಚ್ಚಿಬಿದ್ದ.

ಒಪ್ಪಂದ ಹಲವು ವರ್ಷ ನಡೆಯಿತು. ಅಲ್ಲಿಂದ ಬಂದವರು ನರಸೀಪುರ, ಸೋಸಲೆ, ದೇವನೂರಿನ ಮನೆಗಳಲ್ಲಿದ್ದು ಹೋದರು. ನಮ್ಮ ಕೆಲವು ಮಕ್ಕಳು ಅಲ್ಲಿಗೆ ಹೋಗಿ ಓದಿ ಬಂದರು. ಒಂದು ಚಳಿಗಾಲ ನನ್ನನ್ನೂ ಕರೆಸಿಕೊಂಡರು. ಹೆಪ್ಪುಗಟ್ಟಿದ ಸರೋವರದ ಮೇಲೆ ಪೆಕ್ಕಾ ಜೊತೆ ನಡೆದೆ. ಮಧ್ಯಾಹ್ನವೇ ನೀಲಿ ಕತ್ತಲೆ ಇಳಿಯುತ್ತಿತ್ತು. ಕಾಲ ಕೆಳಗೆ ಎಲ್ಲೋ ಆಳದಲ್ಲಿ ನೀರು ಇನ್ನೂ ಹರಿದಾಡುತ್ತಿದೆ ಎಂದರು. ನಂಬಿದೆ.

ಎರಡು ಸಾವಿರದ ದಶಕ ಮುಗಿಯುವ ಮೊದಲು ಅಲ್ಲಿ ಪೆಕ್ಕಾ ನಿವೃತ್ತರಾದರು, ಅವರ ವಿಭಾಗವನ್ನು ಇನ್ನೊಂದರೊಳಗೆ ಸೇರಿಸಿದರು. ಇಲ್ಲಿ ಹೊಸ ಪ್ರಿನ್ಸಿಪಾಲರಿಗೆ ಕಂಪ್ಯೂಟರ್ ಲ್ಯಾಬಿನ ಚಿಂತೆ. ಒಪ್ಪಂದವನ್ನು ಯಾರೂ ನವೀಕರಿಸಲಿಲ್ಲ, ಅದು ತಾನಾಗಿಯೇ ಮುಗಿಯಿತು. ಐನೊ ಮಾತ್ರ ಬಿಡುವಾದಾಗಲೆಲ್ಲ ಸೋಸಲೆಯ ಜಯಮ್ಮನಿಗೆ ಫೋನ್ ಮಾಡುತ್ತಾಳೆ. ಅಲ್ಲಿ ಹಿಮ ಬಿತ್ತೇ, ಇಲ್ಲಿ ಹಸು ಕರು ಹಾಕಿತೇ, ಮೊಣಕಾಲು ನೋವು ಹೇಗಿದೆ ಎಂದು ಮಾತು ಗಂಟೆಗಟ್ಟಲೆ ನಡೆಯುತ್ತದೆ. ಎರಡು ವಿದ್ಯಾಸಂಸ್ಥೆಗಳ ನಡುವಿನ ಸಂಬಂಧ ಅಧಿಕೃತವಾಗಿ ಮುಕ್ತಾಯವಾಗಿದೆ ಎಂದು ಸಂಬಂಧಪಟ್ಟವರಿಗೆಲ್ಲ ತಿಳಿಸುವುದು ಸಂಚಾಲಕನಾದ ನನ್ನ ಕರ್ತವ್ಯವಾಗಿತ್ತು. ಈ ಇಬ್ಬರಿಗೆ ನಾನು ಇನ್ನೂ ತಿಳಿಸಿಲ್ಲ.