ಸೆಲೂನಿನ ಅಣ್ಣ ಹೂಡಿದ ದಾವೆ

ಮೊನ್ನೆ ಗಡ್ಡ ಮಾಡುವಾಗ ಗದ್ದ ಕುಯ್ದುಕೊಂಡೆ. ನನ್ನ ಮುಖಕ್ಕೆ ಅದರಿಂದ ಹೆಚ್ಚಿನ ನಷ್ಟವೇನೂ ಆಗಲಿಲ್ಲ ಅನ್ನಿ. ಪಟಿಕದ ತುಂಡು ಒದ್ದೆ ಮಾಡಿ ಒತ್ತಿದೆ. ಚುರುಕ್ಕೆಂದ ಕೂಡಲೇ ನಮ್ಮೂರು ಕುಂಬ್ರದ ಸೆಲೂನಿನವರು, ಊರಿಗೆಲ್ಲ ಅಣ್ಣ ಆಗಿದ್ದವರು, ಬೆನ್ನ ಹಿಂದೆ ಬಂದು ನಿಂತ ಹಾಗಾಯಿತು...

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅವರ ಅಂಗಡಿಯ ಬೆಂಚೇ ನನ್ನ ರಂಗಸ್ಥಳ. ಬಸ್ಸಿನ ಕಂಡಕ್ಟರು, ಸೊಸೈಟಿಯ ಸೆಕ್ರೆಟರಿ, ಮೂಗಿನಲ್ಲಿ ಮಾತಾಡುವ ನನ್ನನ್ನೂ ಸೇರಿಸಿ ಎಲ್ಲರನ್ನೂ ಅಣಕಿಸುತ್ತಿದ್ದೆ. ಭಾನುವಾರ ಗಡ್ಡಕ್ಕೆ ಬರುತ್ತಿದ್ದ ಊರ ಡಾಕ್ಟ್ರ ಸ್ವರವಂತೂ ನನಗೆ ಕೆಮ್ಮು ಸಮೇತ ಬರುತ್ತಿತ್ತು.

ಅಣ್ಣನಿಗೆ ಬಲ್ಬಿನ ಸುತ್ತ ಬಣ್ಣದ ಬಳೆ ಕಾಣಲು ಶುರುವಾಗಿತ್ತು, ಜೊತೆಗೆ ತಲೆನೋವು. ಕುರ್ಚಿಯಲ್ಲಿದ್ದ ಡಾಕ್ಟ್ರಿಗೆ ಹೇಳಿದರು, ಕ್ಲಿನಿಕ್ಕಿಗೆ ಹೋಗಿಯೂ ಹೇಳಿದರು. ಎರಡೂ ಕಡೆ ಒಂದೇ ಉತ್ತರ: "ಕನ್ನಡಕ ಬದಲಿಸು ಮಾರಾಯ. ಎಂತದೂ ಆಗುದಿಲ್ಲ."

ವರ್ಷ ಕಳೆದು ಮಂಗಳೂರಿನ ಕಣ್ಣಾಸ್ಪತ್ರೆಗೆ ಹೋದಾಗ, ಕಣ್ಣಿನ ಒಳಗೆ ಒತ್ತಡ ಏರಿ ನರ ಸತ್ತಿದೆ, ಮೊದಲೇ ಬಂದಿದ್ದರೆ ಉಳಿಯುತ್ತಿತ್ತು ಎಂದರಂತೆ. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಬರೀ ಮಬ್ಬು. ಅಣ್ಣ ಪುತ್ತೂರಿನ ಕೋರ್ಟಿನಲ್ಲಿ ಡಾಕ್ಟ್ರ ಮೇಲೆ ದಾವೆ ಹೂಡಿದರು. ಆಗ ಡಾಕ್ಟ್ರ ಮೇಲೆ ದಾವೆ ಎಂದರೆ ದೇವರ ಮೇಲೆ ಪೊಲೀಸು ದೂರು ಕೊಟ್ಟ ಹಾಗೆ. ಊರಿಡೀ ನಕ್ಕಿತು.

ಅವರನ್ನು ಖುಷಿಪಡಿಸಲೆಂದು ಒಂದು ದಿನ ನಾನು ಡಾಕ್ಟ್ರ ಸ್ವರದಲ್ಲಿ ಕೆಮ್ಮಿ, "ನನ್ನದು ತಪ್ಪಾಯ್ತು ಮಾರಾಯ" ಎಂದೆ. ಅಣ್ಣ ನಗಲಿಲ್ಲ.

"ನಿನ್ನ ಬಾಯಲ್ಲಿ ಬೇಡ. ಅವರ ಬಾಯಲ್ಲಿ ಬರ್ಬೇಕು. ನನಗೆ ಬೇಕಾದ್ದು ಅದೊಂದೇ."

ಕೋರ್ಟಿಗೆ ನಾನೂ ಹೋಗಿದ್ದೆ. ಡಾಕ್ಟ್ರ ವಕೀಲರು, "ಮುಖವಿಡೀ ಸೋಪು ಹಚ್ಚಿಕೊಂಡವರು ರೋಗಿಯನ್ನು ಪರೀಕ್ಷಿಸುವುದುಂಟೇ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು. ಅಣ್ಣ ಬೆಂಚಿನಿಂದ ಎದ್ದು, ಡಾಕ್ಟ್ರು ನಿಂತಿದ್ದ ಕಟಕಟೆ ಇರಬಹುದಾದ ಕಡೆಗೆ ಮುಖ ಮಾಡಿದರು.

"ಡಾಕ್ಟ್ರೆ, ನಾನು ಕ್ಲಿನಿಕ್ಕಿಗೂ ಬಂದಿದ್ದೆ. ನೀವು ಎಂತ ಹೇಳಿದ್ದು?"

ನ್ಯಾಯಾಧೀಶರೂ ತಡೆಯಲಿಲ್ಲ.

"ಕನ್ನಡಕ ಬದಲಿಸು ಅಂದೆ," ಎಂದರು ಡಾಕ್ಟ್ರು. "ಕಣ್ಣು ಮುಟ್ಟಿ ನೋಡ್ಬೇಕಿತ್ತು. ನೋಡ್ಲಿಲ್ಲ."

ವಕೀಲರು ತಲೆ ಮೇಲೆ ಕೈ ಹೊತ್ತರು. ಅಣ್ಣ, "ಸಾಕು" ಎಂದು ಕೂತರು. ಕೋರ್ಟು ಪರಿಹಾರ ಕೊಡಿಸಿದ್ದು ಆಮೇಲಿನ ಮಾತು.

ಅಷ್ಟರಲ್ಲಿ ಸೆಲೂನಿಗೆ ಗಿರಾಕಿಗಳು ಬರುವುದು ನಿಂತಿತ್ತು. ಕಣ್ಣು ಕಾಣದವರ ಕತ್ತಿಗೆ ಕುತ್ತಿಗೆ ಯಾರು ಕೊಡುತ್ತಾರೆ? ನಾನೂ ಗಡ್ಡ ಬಿಟ್ಟಿದ್ದೆ, ಫ್ಯಾಷನ್ ಎಂದು ಹೇಳಿಕೊಂಡು. ಒಂದು ಭಾನುವಾರ ಡಾಕ್ಟ್ರು ಒಳಗೆ ಬಂದು ಕೆಮ್ಮಿದರು. ಕುರ್ಚಿಯಲ್ಲಿ ಕೂತು ಗದ್ದ ಎತ್ತಿದರು. ಅಣ್ಣನ ಬೆರಳುಗಳು ಅವರ ಕಿವಿ, ಕೆನ್ನೆ, ಗಂಟಲನ್ನು ನಿಧಾನಕ್ಕೆ ಮುಟ್ಟಿ ಮುಟ್ಟಿ ನೋಡಿದವು. ಆಮೇಲೆ ಕತ್ತಿ ಇಳಿಯಿತು.

"ಉಸಿರು ಬಿಡಿ ಡಾಕ್ಟ್ರೆ. ಎಂತದೂ ಆಗುದಿಲ್ಲ."

ಒಂದು ಗೀರೂ ಬೀಳಲಿಲ್ಲ. ಡಾಕ್ಟ್ರು ಎದ್ದ ಮೇಲೆ ಆ ಕುರ್ಚಿಯಲ್ಲಿ ಹೋಗಿ ಕೂತವನು ನಾನು, ಫ್ಯಾಷನ್ ಮುಗಿಸಿಕೊಳ್ಳಲು.

ಅಣ್ಣ ಹೋಗಿ ಬಹಳ ಕಾಲವಾಯಿತು. ಕಟಕಟೆಯಲ್ಲಿ ಡಾಕ್ಟ್ರಿಗೆ ಬಂದ ಆ ಸ್ವರವನ್ನು ತೆಗೆಯಲು ಎಷ್ಟೋ ಸಲ ನೋಡಿದ್ದೇನೆ, ಬಂದಿಲ್ಲ. ಮೊನ್ನೆ ಪಟಿಕ ಹಿಡಿದು ಕನ್ನಡಿಯ ಮುಂದೆ ನಿಂತಿದ್ದೆ, ಎರಡು ಕಣ್ಣಿದ್ದೂ ಗದ್ದ ಕುಯ್ದುಕೊಂಡವನು. ಅಣ್ಣನ ಆ ಬೆರಳುಗಳು ಇನ್ನೆಲ್ಲಿ...