ಕೊನೆಯಿಲ್ಲದ ಪಂಕ್ತಿ

ಎಂಬತ್ತರ ದಶಕದಲ್ಲಿ, ಅಮೆರಿಕದ ಪಿಸ್ಕಾಟವೇಯಲ್ಲಿ, ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಗಣಿತದ ಮೇಷ್ಟ್ರಿದ್ದರು. ಹತ್ತೊಂಬತ್ತನೆಯ ಶತಮಾನದ ಒಬ್ಬ ಜರ್ಮನ್ ಗಣಿತಜ್ಞನನ್ನು ಅವರು ಸ್ವಂತ ನೆಂಟನಂತೆ 'ನಮ್ಮ ಜರ್ಮನ್ ಮಾವ' ಎನ್ನುತ್ತಿದ್ದರು. ಲಾಂಡ್ರಿ ರೂಮಿನಲ್ಲಿ ಸಿಕ್ಕರೂ ಅವನದೇ ಮಾತು.

"ಅನಂತದಲ್ಲೂ ಚಿಕ್ಕದು ದೊಡ್ಡದು ಇದೆ ಅಂದ ರೀ, ಪುಣ್ಯಾತ್ಮ! ದೊಡ್ಡ ದೊಡ್ಡ ಪ್ರೊಫೆಸರುಗಳು ಬೈದ್ರು. ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ. ಆದ್ರೂ ಬಿಡ್ಲಿಲ್ಲ! ಕೊನೆಯಿಲ್ಲದ ಸಾಲಲ್ಲಿ ಎಲ್ರೂ ಒಂದೊಂದು ಜಾಗ ಸರಿದ್ರೆ ಇನ್ನೊಬ್ರಿಗೆ ಜಾಗ ಇದ್ದೇ ಇರತ್ತೆ!" ಹೀಗೆನ್ನುವಾಗ ಎರಡೂ ಕೈಯಿಂದ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತಿದ್ದರು.

ಒಂದು ಯುಗಾದಿಗೆ ಹಿಲ್ಸ್‌ಬರೋದ ಗೆಳೆಯರ ಬೇಸ್‌ಮೆಂಟಿನಲ್ಲಿ ನಾವೆಲ್ಲ ಊಟಕ್ಕೆ ಪಂಕ್ತಿಯಲ್ಲಿ ಕೂತಿದ್ದೆವು. ಪೇಪರ್ ಪ್ಲೇಟಿಗೆ ಕೋಸಂಬರಿ, ಒಬ್ಬಟ್ಟು ಬಡಿಸಿಯಾಗಿತ್ತು. ಆಗ ಮೆಟ್ಟಿಲಿಳಿದು ಬಂದ ಹೊಸ ವಿದ್ಯಾರ್ಥಿನಿಯೊಬ್ಬಳು ತುಂಬಿದ ಸಾಲನ್ನು ನೋಡಿ, "ಸಾರಿ, ಇನ್ನೊಂದ್ಸಲ ಬರ್ತೀನಿ" ಎಂದು ವಾಪಸು ಹೊರಟಳು.

ಸಾಲಿನ ತುದಿಯಲ್ಲಿ, ನನ್ನ ಪಕ್ಕದಲ್ಲೇ ಕೂತಿದ್ದ ಮೇಷ್ಟ್ರು ಪ್ಲೇಟಿನ ಸಮೇತ ಎದ್ದು ನಿಂತರು. "ನಿಲ್ಲಮ್ಮಾ! ಎಲ್ರೂ ಒಂದೊಂದು ಪ್ಲೇಟು ಈ ಕಡೆ ಸರ್ಕೊಳ್ಳಿ! ಮೊದಲನೇ ಜಾಗ ಅವಳದು!"

ಊಟದ ನಡುವೆ ಏಳಬಾರದಲ್ಲ. ಅಜ್ಜಿಯರೂ ಕೂತಲ್ಲೇ ಪ್ಲೇಟು ಹಿಡಿದು ನಗುನಗುತ್ತಾ ಸರಿದರು. ಹುಡುಗಿ ಕೂತಳು. ಸರಿಯುತ್ತಾ ಸರಿಯುತ್ತಾ ಮೇಷ್ಟ್ರ ಜಾಗಕ್ಕೆ ನಾನೇ ಬಂದುಬಿಟ್ಟೆ. ನನ್ನ ಆಚೆ ಇದ್ದದ್ದು ಗೋಡೆ.

"ಮೇಷ್ಟ್ರೇ, ಗೋಡೆ ಬಂತು!" ಎಂದೆ.

ಅವರು ಗೋಡೆಯನ್ನು ಆಗಲೇ ಮೊದಲ ಸಲ ನೋಡಿದವರಂತೆ ನೋಡಿದರು. ಆಮೇಲೆ ಪ್ಲೇಟನ್ನು ವಾಷಿಂಗ್ ಮೆಷಿನ್ನಿನ ಮೇಲಿಟ್ಟು, ನಿಂತೇ ಒಬ್ಬಟ್ಟು ಮುರಿಯುತ್ತಾ, ಬಾಯಿ ತುಂಬ ನಕ್ಕರು.

"ನೋಡಿದ್ರಾ? ಜಾಗ ಆಯ್ತಲ್ಲ!"